ನಡುವಿನ ಬಲ ಕಲಿಸಿದ ಜೋಸೆಫ್ ಪಿಲಾಟೆಸ್

ಓಟದ ಪಂದ್ಯವನ್ನು ಗೆಲ್ಲಿಸುವುದು ಕಾಲು, ಗುಂಡು ಎಸೆತವನ್ನು ಗೆಲ್ಲಿಸುವುದು ತೋಳು ಎಂದು ನಾವೆಲ್ಲರೂ ತಿಳಿದಿರುತ್ತೇವೆ. ಆದರೆ ಕಾಲಿಗೂ ತೋಳಿಗೂ ಆಧಾರವಾಗಿರುವುದು ನಡು. ಅವನ್ನೆಲ್ಲ ನಡೆಸುವುದು ಮಿದುಳು ಮತ್ತು ನರಗಳು. ಈ ಸತ್ಯವನ್ನು ತಮ್ಮ ಬಡಕಲು ದೇಹದ ಮೇಲೆಯೇ ಪ್ರಯೋಗಿಸಿ ನೋಡಿ, ಇತರರಿಗೂ ಕಲಿಸಿದ ಸಾಹಸಿ ಜೋಸೆಫ್ ಪಿಲಾಟೆಸ್.

ಅವರು 1883ನೆಯ ಇಸವಿ ಡಿಸೆಂಬರ್ 9ರಂದು ಜರ್ಮನಿಯ ಮೊನ್‌ಶೆನ್‌ಗ್ಲಾಡ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಲೋಹದ ಕೆಲಸಗಾರರು, ಅಂಗಸಾಧನೆಯಲ್ಲಿಯೂ ಪಳಗಿದವರು. ಮಗನಿಗಾದರೋ ಚಿಕ್ಕಂದಿನಿಂದಲೇ ಉಬ್ಬಸ. ಅದರ ಜೊತೆಗೆ ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗ, ಕೀಲುಗಳನ್ನು ಬಾಧಿಸುವ ಜ್ವರ. ಇಂಥ ಹುಡುಗ ಆಟದ ಬಯಲನ್ನು ದೂರದಿಂದ ನೋಡಿಯೇ ತೃಪ್ತಿಪಡಬೇಕಾಗಿತ್ತು. ಆದರೆ ಜೋಸೆಫ್ ಎದೆಗುಂದಲಿಲ್ಲ. ಶರೀರದ ರಚನೆಯನ್ನು ಅಭ್ಯಾಸ ಮಾಡಿದರು. ಅಂಗಸಾಧನೆ, ಕುಸ್ತಿ, ಮುಷ್ಟಿಯುದ್ಧಗಳನ್ನು ಕಲಿತರು. ಹದಿನಾಲ್ಕನೆಯ ವಯಸ್ಸಿಗೆ ಅವರ ಮೈಕಟ್ಟು ಶರೀರರಚನೆಯ ಚಿತ್ರಗಳಿಗೆ ಮಾದರಿಯಾಗುವಷ್ಟು ಚೆನ್ನಾಗಿತ್ತೆಂದು ಹೇಳುತ್ತಾರೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಅವರು ಇಂಗ್ಲೆಂಡಿಗೆ ಹೋದರು. 1914ರಲ್ಲಿ ಯುದ್ಧ ಆರಂಭವಾಯಿತು. ಜರ್ಮನ್ ಪ್ರಜೆಯಾದ ತಪ್ಪಿಗೆ ಅವರು ಬಂಧನಕ್ಕೆ ಒಳಗಾಗಿ, ಮ್ಯಾನ್ ದ್ವೀಪದ ನಾಕೇಲೋ ಶಿಬಿರವನ್ನು ಸೇರಬೇಕಾಯಿತು. ಅಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಬಂದಿಗಳಿದ್ದರು. ಮುಳ್ಳುತಂತಿಯ ಬೇಲಿಯೊಳಗೆ ಕೆಲಸವಿಲ್ಲದೆ ಕುಳಿತು ಅನೇಕರು ಮಂಕಾದರು. ಜೋಸೆಫ್ ಮಾತ್ರ ಜೊತೆಯವರಿಗೆ ವ್ಯಾಯಾಮ ಕಲಿಸತೊಡಗಿದರು. ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದಲ್ಲಿಯೇ ಕೈಕಾಲು ಎಳೆದು ಬಿಡುವಂತೆ ಮಾಡಿದರೆಂದು ಹೇಳುತ್ತಾರೆ. ಮುಂದೆ ಅವರು ನಿರ್ಮಿಸಿದ ಉಪಕರಣಗಳಲ್ಲಿಯೂ ಸ್ಪ್ರಿಂಗೇ ಮುಖ್ಯ.

ಯುದ್ಧ ಮುಗಿದ ಮೇಲೆ ಜರ್ಮನಿಗೆ ಮರಳಿ, 1926ರಲ್ಲಿ ಅಮೆರಿಕಕ್ಕೆ ತೆರಳಿದರು. ಸಂಗಾತಿ ಕ್ಲಾರಾ ಅವರೊಡನೆ ನ್ಯೂಯಾರ್ಕಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ನೃತ್ಯಾಚಾರ್ಯರಾದ ಜಾರ್ಜ್ ಬಾಲಾಂಚಿನ್, ಮಾರ್ಥಾ ಗ್ರಹಾಮ್ ಮುಂತಾದವರಿಗೆ ಅವರ ವಿದ್ಯೆಯ ಮೇಲೆ ವಿಶ್ವಾಸವಿತ್ತು. ಪಾದದ ಕೀಲು ನೋಯಿಸಿಕೊಂಡು ಬಂದ ರೋಮಾನಾ ಎಂಬ ನರ್ತಕಿ ಮುಂದೆ ಅದೇ ವಿದ್ಯೆಯ ಗುರುವಾದರು.

ಅವರು ತಮ್ಮ ಪದ್ಧತಿಗೆ ಇಟ್ಟ ಹೆಸರು ಕಂಟ್ರಾಲಜಿ. ಅಂದರೆ ಹತೋಟಿಯ ವಿದ್ಯೆ. 1945ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ 34 ವ್ಯಾಯಾಮಗಳಿವೆ. ಮೊದಲನೆಯದರ ಹೆಸರು ನೂರು. ಅಂಗಾತ ಮಲಗಿ, ತಲೆಯನ್ನೂ ಕಾಲುಗಳನ್ನೂ ನೆಲದಿಂದ ಮೇಲೆತ್ತಿ, ಚಾಚಿದ ಕೈಗಳನ್ನು ಮೇಲೆ ಕೆಳಗೆ ಆಡಿಸುವುದು. ಐದು ಎಣಿಕೆಗೆ ಉಸಿರು ಒಳಗೆ, ಐದು ಎಣಿಕೆಗೆ ಹೊರಗೆ. ಹೀಗೆ ನೂರರ ತನಕ. ನೋಡಲು ಸುಲಭ. ಆದರೆ ಕೈ ಆಡುವಾಗ ನಡು ಅಲುಗದಂತೆ ಹಿಡಿಯುವುದೇ ಕಷ್ಟ. ಗಮನವಿಲ್ಲದೆ ಹತ್ತು ಸಲ ಮಾಡುವುದಕ್ಕಿಂತ ಗಮನವಿಟ್ಟು ಕೆಲವೇ ಸಲ ಮಾಡುವುದು ಮೇಲೆಂಬುದು ಅವರ ಮತ.

ಈ ಮತಕ್ಕೆ ವಿಜ್ಞಾನದ ಆಧಾರ ಬಂದದ್ದು ಬಹಳ ತಡವಾಗಿ. ನಾವು ಕೈಯೆತ್ತುವ ಮೊದಲೇ, ಕಣ್ಣು ಮಿಟುಕಿಸುವುದಕ್ಕಿಂತ ಕಡಮೆ ಹೊತ್ತಿನಲ್ಲಿ, ಹೊಟ್ಟೆಯ ಒಳಸ್ನಾಯುಗಳು ಬಿಗಿಯಾಗಿ ಬೆನ್ನನ್ನು ಆಧರಿಸುತ್ತವೆಂದು 1990ರ ದಶಕದಲ್ಲಿ ಸಂಶೋಧಕರು ಅಳೆದು ತೋರಿಸಿದರು. ವ್ಯಾಯಾಮ ಆರಂಭಿಸಿದ ಮೊದಲ ವಾರಗಳಲ್ಲಿ ಬಲ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ. ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ. ಹದಿನೈದು ದಿನ ಕಳೆದರೂ ತೋಳು ಉಬ್ಬಲಿಲ್ಲವೆಂದು ಅಭ್ಯಾಸ ಬಿಡುವ ಮಕ್ಕಳು ಇದನ್ನು ನೆನಪಿಡಬೇಕು. ಕಣ್ಣಿಗೆ ಕಾಣದ ಕೆಲಸ ಒಳಗೆ ಆಗಲೇ ನಡೆದಿರುತ್ತದೆ.

ಜೋಸೆಫರ ಬದುಕಿನಲ್ಲಿ ಒಂದು ಕೊರಗೂ ಇತ್ತು. ತಮ್ಮ ಪದ್ಧತಿಯನ್ನು ವೈದ್ಯರು ಒಪ್ಪಬೇಕು, ಶಾಲೆಗಳಲ್ಲಿ ಕಲಿಸಬೇಕು ಎಂಬ ಅವರ ಆಸೆ ಕೈಗೂಡಲಿಲ್ಲ. ಇನ್ನೊಂದು ಮಾತನ್ನೂ ನಾವು ಮುಚ್ಚಿಡುವಂತಿಲ್ಲ. ಉಸಿರಾಟದ ಬೆಲೆ ಸಾರಿದ ಆ ಗುರುವಿಗೆ ಚುಟ್ಟಾ ಸೇದುವ ಚಟವಿತ್ತು. 1967ರ ಅಕ್ಟೋಬರ್ 9ರಂದು, 83ನೆಯ ವಯಸ್ಸಿನಲ್ಲಿ, ಎಂಫಿಸೀಮಾ ಎಂಬ ಶ್ವಾಸಕೋಶದ ರೋಗದಿಂದ ಅವರು ತೀರಿಕೊಂಡರು. ದೊಡ್ಡವರಲ್ಲಿರುವ ಒಳ್ಳೆಯದನ್ನು ಕಲಿಯೋಣ. ಚಟವನ್ನು ಅಲ್ಲಿಯೇ ಬಿಡೋಣ.

ಇಂದು ಪಿಲಾಟೆಸ್ ಎಂಬುದು ವ್ಯಕ್ತಿಯ ಹೆಸರಷ್ಟೇ ಅಲ್ಲ, ಒಂದು ವ್ಯಾಯಾಮದ ಹೆಸರೂ ಆಗಿದೆ. ಅನೇಕ ದೇಶಗಳ ಕ್ರೀಡಾಪಟುಗಳು ಅದನ್ನು ಅಭ್ಯಾಸ ಮಾಡುತ್ತಾರೆ. ಕಬಡ್ಡಿಯಲ್ಲಿ ಗಕ್ಕನೆ ತಿರುಗುವುದಕ್ಕೂ ಖೋ-ಖೋದಲ್ಲಿ ಬಾಗಿ ಎದ್ದು ಓಡುವುದಕ್ಕೂ ಬೇಕಾದದ್ದು ಗಟ್ಟಿ ನಡು ಮತ್ತು ಚುರುಕು ನರ. ಅದಕ್ಕೆ ದುಬಾರಿ ಸಾಮಾನು ಬೇಡ. ಒಂದು ಚಾಪೆ, ವ್ಯಾಯಾಮ ಶಿಕ್ಷಕರ ಮಾರ್ಗದರ್ಶನ, ದಿನಕ್ಕೆ ಸ್ವಲ್ಪ ಹೊತ್ತು ಸಾಕು. ಬೆನ್ನುನೋವು ಇರುವವರು ಮೊದಲು ವೈದ್ಯರನ್ನು ಕೇಳಿಕೊಳ್ಳಲಿ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಮಗು ಬಡಕಲೆಂದು ಆಟದಿಂದ ದೂರವಿಡಬೇಡಿ. ಜೋಸೆಫ್ ಪಿಲಾಟೆಸರೂ ಒಂದು ಕಾಲದಲ್ಲಿ ಅಂಥ ಮಗುವೇ ಆಗಿದ್ದರು.