44ರ ಹೊಸ್ತಿಲಲ್ಲಿ ಒಲಿದ ದೈತ್ಯ

ಹಾರ್ಡ್ ರಾಕ್ ಕೇಳುವ ಗೆಳೆಯರ ಟೀ ಶರ್ಟಿನ ಮೇಲೆ ‘ಬ್ಲ್ಯಾಕ್ ಸಬ್ಬತ್’ ಎಂಬ ಹೆಸರನ್ನು ನೀವು ನೋಡಿರಬಹುದು. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ನಾಲ್ವರು ಹುಡುಗರು ಕಟ್ಟಿದ ತಂಡ. ಆ ಹೆಸರನ್ನು ಅವರು ಎತ್ತಿಕೊಂಡಿದ್ದು ಒಂದು ಹಾರರ್ ಸಿನಿಮಾದಿಂದ. ಇಟಲಿಯ ಮಾರಿಯೊ ಬಾವಾ ನಿರ್ದೇಶಿಸಿ 1963ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಮೂರು ಕಥೆಗಳಿವೆ. ಅವುಗಳನ್ನು ನಮಗೆ ಪರಿಚಯಿಸುವ, ಒಂದರಲ್ಲಿ ರಕ್ತ ಹೀರುವ ಅಜ್ಜನಾಗಿ ನಡುಗಿಸುವ ನಟನೇ ಬೋರಿಸ್ ಕಾರ್ಲಾಫ್.

ಹೆಸರು ಗೊತ್ತಿಲ್ಲದಿದ್ದರೂ ಅವನ ಇನ್ನೊಂದು ಮುಖ ನಿಮಗೆ ಗೊತ್ತು. ಚಪ್ಪಟೆ ನೆತ್ತಿ, ಭಾರವಾದ ರೆಪ್ಪೆ, ಕುತ್ತಿಗೆಯ ಎರಡೂ ಬದಿಗೆ ಬೋಲ್ಟಿನಂಥದ್ದೇನೋ. ಎಂಜಿನಿಯರಿಂಗ್ ಓದುವವರ ಗಮನಕ್ಕೆ: ಅವು ಬೋಲ್ಟುಗಳಲ್ಲ, ಹೆಣಕ್ಕೆ ವಿದ್ಯುತ್ ಹರಿಸುವ ಎಲೆಕ್ಟ್ರೋಡುಗಳು. ಫ್ರಾಂಕೆನ್‌ಸ್ಟೈನ್ ಎನ್ನುವುದು ವಿಜ್ಞಾನಿಯ ಹೆಸರು, ಅವನು ಸೃಷ್ಟಿಸಿದ ದೈತ್ಯನಿಗೆ ಹೆಸರೇ ಇಲ್ಲ. ಆ ಹೆಸರಿಲ್ಲದವನಿಗೆ ಜೀವ ಕೊಟ್ಟ ಕಾರ್ಲಾಫ್ ಕೂಡ ಬಹುಕಾಲ ಹೆಸರಿಲ್ಲದವನಾಗಿಯೇ ಬದುಕಿದ್ದ.

ಅವನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. 1887ರ ನವೆಂಬರ್ 23ರಂದು ಲಂಡನ್ನಿನಲ್ಲಿ ಒಂಬತ್ತು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದ. ತಂದೆ ಬ್ರಿಟಿಷ್ ಭಾರತದ ಉಪ್ಪಿನ ಕಂದಾಯ ಇಲಾಖೆಯಲ್ಲಿದ್ದವರು. ತಾಯಿಯ ಚಿಕ್ಕಮ್ಮ ಅನ್ನಾ ಲಿಯೊನೊವೆನ್ಸ್ ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ. ಸಯಾಮಿನ ದೊರೆಯ ಮಕ್ಕಳಿಗೆ ಪಾಠ ಹೇಳಿದ ಆಕೆಯ ಕಥೆಯೂ ಸಿನಿಮಾ ಆಗಿದೆ. ಮನೆತನದಲ್ಲಿ ಭಾರತೀಯ ರಕ್ತವಿತ್ತು, ಅದು ಮೈಬಣ್ಣದಲ್ಲಿ ಕಾಣುತ್ತಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯವಾಗಿರಲಿಲ್ಲ. ಹುಡುಗನಿಗೆ ಚಿಕ್ಕಂದಿನಲ್ಲೇ ಹೆತ್ತವರ ಆಸರೆ ತಪ್ಪಿತು. ಬೆಳೆಸಿದ್ದು ಅಣ್ಣಂದಿರು, ಅಕ್ಕ. ಜೊತೆಗೆ ಉಗ್ಗು, ತೊದಲು, ಸೊಟ್ಟಗಾಲು. ನಟನಾಗಲು ಬೇಕಾದದ್ದು ಒಂದೂ ಇರಲಿಲ್ಲ ಅನ್ನಿ.

ಅಣ್ಣಂದಿರದ್ದು ಸರ್ಕಾರಿ ನೌಕರಿಯ ದಾರಿ. ಜಾನ್ ಪ್ರ್ಯಾಟ್ ಎಂಬ ಅಣ್ಣ ಚೀನಾದಲ್ಲಿ ಬ್ರಿಟನ್ನಿನ ರಾಜತಾಂತ್ರಿಕ ಅಧಿಕಾರಿಯಾಗಿ ಮುಂದೆ ‘ಸರ್’ ಪದವಿ ಪಡೆದರು. ತಮ್ಮನೂ ಅದೇ ಸೇವೆಗೆ ಸೇರಲಿ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿಸಿದರು. ತಮ್ಮನ ಮನಸ್ಸೆಲ್ಲ ನಾಟಕದ ಮೇಲಿತ್ತು. ಒಂಬತ್ತರ ಆಸುಪಾಸಿನಲ್ಲಿ ಸಿಂಡ್ರೆಲಾ ನಾಟಕದಲ್ಲಿ ಪಿಶಾಚಿಗಳ ರಾಜನ ವೇಷ ಹಾಕಿದ್ದೇ ಅದಕ್ಕೆ ನಾಂದಿ. ಓದು ಅರ್ಧಕ್ಕೆ ಬಿಟ್ಟು 1909ರಲ್ಲಿ ಕೆನಡಾದ ಹಡಗು ಹತ್ತಿದ. ಮನೆತನಕ್ಕೆ ಮುಜುಗರ ಆಗದಿರಲಿ ಎಂದೋ ಏನೋ, ಬೋರಿಸ್ ಕಾರ್ಲಾಫ್ ಎಂದು ಹೆಸರು ಬದಲಿಸಿಕೊಂಡ.

ಮುಂದಿನ ಇಪ್ಪತ್ತೆರಡು ವರ್ಷಗಳನ್ನು ಸಿನಿಮಾಗಳು ಒಂದು ಹಾಡಿನಲ್ಲಿ ಮುಗಿಸಿಬಿಡುತ್ತವೆ. ಅವನಿಗೆ ಅವು ದಿನಾ ದುಡಿದು ಕಳೆದ ವರ್ಷಗಳು. ಹೊಲದಲ್ಲಿ ದುಡಿದ, ಗುಂಡಿ ತೋಡಿದ, ಊರೂರು ಅಲೆಯುವ ನಾಟಕ ಕಂಪನಿಗಳಲ್ಲಿ ಪಾತ್ರ ಮಾಡಿದ. ಹಾಲಿವುಡ್‌ಗೆ ಬಂದ ಮೇಲೂ ಮೂಕಿ ಚಿತ್ರಗಳ ಗುಂಪಿನಲ್ಲಿ ಒಬ್ಬನಾದ. ಕಂದು ಮೈಬಣ್ಣ ಕಂಡವರು ಅರಬ್ಬನ, ಭಾರತೀಯನ ಚಿಕ್ಕಪುಟ್ಟ ಖಳಪಾತ್ರ ಕೊಟ್ಟರು. ಪಾತ್ರ ಸಿಗದಿದ್ದಾಗ ಲಾರಿ ಓಡಿಸಿ ಸಿಮೆಂಟ್ ಮೂಟೆ ಇಳಿಸಿದ. ಐವತ್ತಕ್ಕೂ ಹೆಚ್ಚು ಚಿತ್ರಗಳಾದರೂ ಜನ ಗುರುತು ಹಿಡಿಯುತ್ತಿರಲಿಲ್ಲ.

1931ರಲ್ಲಿ ಯೂನಿವರ್ಸಲ್ ಸ್ಟುಡಿಯೊ ‘ಡ್ರಾಕುಲಾ’ದಿಂದ ಗೆದ್ದು ‘ಫ್ರಾಂಕೆನ್‌ಸ್ಟೈನ್’ಗೆ ಕೈಹಾಕಿತು. ದೈತ್ಯನ ಪಾತ್ರಕ್ಕೆ ಮೊದಲು ಯೋಚಿಸಿದ್ದು ಡ್ರಾಕುಲಾ ಆಗಿದ್ದ ಬೆಲಾ ಲುಗೋಸಿಯನ್ನು. ಅದು ಕೈಗೂಡಲಿಲ್ಲ. ನಿರ್ದೇಶಕ ಜೇಮ್ಸ್ ವೇಲ್ ಸ್ಟುಡಿಯೊ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದ ಕಾರ್ಲಾಫ್‌ನ ಮುಖ ನೋಡಿ ಕರೆಸಿದ.

ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ದಿನಾ ಸುಮಾರು ನಾಲ್ಕು ಗಂಟೆ ಅವನ ಮುಖದ ಮೇಲೆ ದುಡಿದ. ತನ್ನ ಕಣ್ಣುಗಳಲ್ಲಿ ತಿಳಿವಳಿಕೆ ಹೆಚ್ಚು ಕಾಣುತ್ತಿದೆ ಎನ್ನಿಸಿ, ರೆಪ್ಪೆಗೆ ಮೇಣ ಹಚ್ಚಲು ಹೇಳಿದ್ದು ಕಾರ್ಲಾಫ್. ಕಟ್ಟಿಸಿದ ಹಲ್ಲುಗಳನ್ನು ತೆಗೆದು ಒಂದು ಕೆನ್ನೆ ಗುಳಿ ಬೀಳುವಂತೆ ಮಾಡಿಕೊಂಡ. ಮಾತಿಲ್ಲದ ಪಾತ್ರ. ತೊದಲು ಅಡ್ಡಿಯಾಗಲಿಲ್ಲ, ಕಣ್ಣು ಮತ್ತು ಕೈಗಳೇ ಮಾತಾಡಿದವು. ಮೇಲಿನಿಂದ ಬಿದ್ದ ಬೆಳಕನ್ನು ಆ ದೈತ್ಯ ಎರಡೂ ಕೈ ಚಾಚಿ ಹಿಡಿಯಲು ನೋಡುವ ದೃಶ್ಯವಿದೆ. ಹೆದರಲು ಕೂತವರ ಕಣ್ಣು ಒದ್ದೆಯಾಗುವುದು ಅಲ್ಲಿ. ‘ನಾ ನಿನ್ನ ಬಿಡಲಾರೆ’ ನೋಡಿ ಬೆಚ್ಚಿದ ನಮ್ಮ ಹಿರಿಯರಿಗೂ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರಿಗೂ ಗೊತ್ತಿದ್ದದ್ದು ದೆವ್ವದ ಭಯ. ದೈತ್ಯನ ಮೇಲೆ ಕರುಣೆ ಹುಟ್ಟಿಸಿದ್ದು ಕಾರ್ಲಾಫ್‌ನ ಹೆಚ್ಚುಗಾರಿಕೆ.

ಚಿತ್ರದ ಆರಂಭದ ಪಟ್ಟಿಯಲ್ಲಿ ದೈತ್ಯನ ಎದುರು ಇದ್ದದ್ದು ಬರೀ ಪ್ರಶ್ನಾರ್ಥಕ ಚಿಹ್ನೆ! ಮೊದಲ ಪ್ರದರ್ಶನಕ್ಕೂ ಅವನನ್ನು ಕರೆಯಲಿಲ್ಲ. ಚಿತ್ರ ತೆರೆಕಂಡಾಗ ಅವನಿಗೆ 44 ತುಂಬುತ್ತಿತ್ತು. ನಾಲ್ಕು ವರ್ಷದ ನಂತರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಬಂದಾಗ ಪರದೆಯ ಮೇಲೆ ಕಾರ್ಲಾಫ್ ಎಂಬ ಒಂದೇ ಪದ ಸಾಕಾಯಿತು.

ಅಭಿಮಾನಿಯಾಗಿ ನನಗೆ ಹೆಚ್ಚು ಇಷ್ಟವಾಗುವುದು ಆಮೇಲಿನ ಕಾರ್ಲಾಫ್. ಆ ಚಿತ್ರೀಕರಣದಲ್ಲಿ ಒಮ್ಮೆ ಸತತ 25 ಗಂಟೆ ವೇಷದಲ್ಲೇ ದುಡಿದಿದ್ದ. ಸಹನಟನನ್ನು ಹೆಗಲ ಮೇಲೆ ಹೊತ್ತು ಮತ್ತೆ ಮತ್ತೆ ಗುಡ್ಡ ಹತ್ತಿ ಬೆನ್ನುನೋವು ಅಂಟಿಸಿಕೊಂಡಿದ್ದ. ಹೆಸರು ಬಂದ ಕೂಡಲೇ ಅದನ್ನು ಮರೆಯಲಿಲ್ಲ. 1933ರಲ್ಲಿ ನಟರ ಸಂಘ ‘ಸ್ಕ್ರೀನ್ ಆಕ್ಟರ್ಸ್ ಗಿಲ್ಡ್’ ಕಟ್ಟಿದವರಲ್ಲಿ ಅವನೂ ಒಬ್ಬ. ಸ್ಟುಡಿಯೊಗಳು ಅನ್ನ ಕಿತ್ತುಕೊಳ್ಳಬಹುದಾಗಿದ್ದ ಕಾಲದಲ್ಲಿ, ಗುಂಪಿನಲ್ಲಿ ನಿಲ್ಲುವ ನಟರ ಪರವಾಗಿ ನಿಂತ. ಅದೇ ವರ್ಷ ಚಿತ್ರೀಕರಣಕ್ಕೆ ಲಂಡನ್ನಿಗೆ ಹೋದಾಗ ಅಣ್ಣಂದಿರು ಏನೆನ್ನುವರೋ ಎಂದು ಅಳುಕಿದ್ದ. ಆ ಅಧಿಕಾರಿಗಳು ತಮ್ಮನ ಜೊತೆ ಫೋಟೊಗೆ ನಿಲ್ಲಲು ಪೈಪೋಟಿ ಮಾಡಿದರು!

ತೆರೆಯಾಚೆ ಅವನು ಕ್ರಿಕೆಟ್ ಆಡುವ, ತೋಟ ಮಾಡುವ ಮೆದುಮಾತಿನ ಮನುಷ್ಯ. ಮಕ್ಕಳ ಕಥೆ ಓದಿದ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಮುಪ್ಪಿನಲ್ಲಿ ಕಾಲಿಗೆ ಪಟ್ಟಿ, ಶಾಟ್‌ಗಳ ನಡುವೆ ಆಮ್ಲಜನಕ. ಆದರೂ ದುಡಿದ. 1969ರ ಫೆಬ್ರುವರಿ 2ರಂದು 81ನೇ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಹುಡುಗರು ಅವನ ಸಿನಿಮಾದ ಹೆಸರನ್ನು ತಮ್ಮ ತಂಡಕ್ಕೆ ಇಟ್ಟುಕೊಂಡರು.

ಪ್ರಯತ್ನಪಟ್ಟರೆ ಎಲ್ಲರೂ ಗೆಲ್ಲುತ್ತಾರೆ ಎಂದು ನಾನು ಹೇಳಲಾರೆ. ಲುಗೋಸಿ ಒಪ್ಪಿದ್ದರೆ ಕಾರ್ಲಾಫ್ ಲಾರಿ ಚಾಲಕನಾಗಿಯೇ ಉಳಿಯುತ್ತಿದ್ದನೋ ಏನೋ. ಆ ಕ್ಯಾಂಟೀನಿನ ಮಧ್ಯಾಹ್ನ ಅವನ ಕೈಯಲ್ಲಿರಲಿಲ್ಲ. ರೆಪ್ಪೆಗೆ ಮೇಣ ಬೇಕು ಎಂದು ತಿಳಿಯುವಷ್ಟು ಕೆಲಸ ಕಲಿತಿದ್ದು, ಬಾಗಿಲು ತೆರೆದಾಗ ಹಿಂದಿದ್ದವರಿಗೂ ಅದನ್ನು ಹಿಡಿದು ನಿಂತದ್ದು ಮಾತ್ರ ಅವನದೇ. ನಮ್ಮ ಬುಕ್ಕಸಾಗರದಿಂದ ಬೆಂಗಳೂರಿನವರೆಗೆ ಪದವಿ ಹಿಡಿದು, ಅರ್ಜಿಯ ವಯೋಮಿತಿ ಕಾಲಂ ನೋಡುತ್ತ ಕಳವಳಪಡುವವರು ಒಂದು ರಾತ್ರಿ ದೀಪ ಆರಿಸಿ ಆ ಕಪ್ಪುಬಿಳುಪು ಚಿತ್ರ ನೋಡಿ. ಒಂದು ಗಂಟೆ ಹತ್ತು ನಿಮಿಷ ಸಾಕು.