ಪುಣೆಯ ಆಕಾಶ ಅಳೆದ ಕ್ಯಾಪ್ಟನ್ ಜೇಕಬ್

ಮದುವೆಯಾಗಿ ಧಾರವಾಡದಿಂದ ಪುಣೆಯ ಸದಾಶಿವ ಪೇಠಕ್ಕೆ ಬಂದು ನಲವತ್ತು ವರ್ಷ ದಾಟಿತು. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಟಿಳಕ ಸ್ಮಾರಕ ಮಂದಿರ. ಆಕಾಶ ನೋಡುವ ಹವ್ಯಾಸಿಗಳು 1944ರಲ್ಲಿ ಕಟ್ಟಿಕೊಂಡ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇರುವುದು ಅಲ್ಲೇ. ತರಕಾರಿ ಚೀಲ ಹಿಡಿದು ಅದರ ಮುಂದೆ ಸಾವಿರ ಸಲ ಹಾದುಹೋಗಿದ್ದೇನೆ. ತಲೆ ಎತ್ತಿ ಮೇಲೆ ನೋಡಿದ್ದು ಮಾತ್ರ ಕಡಿಮೆ. ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದ ನನಗೆ ಲೆಕ್ಕದ ಪುಸ್ತಕ, ಕೆಂಪು ಪೆನ್ನು ಮತ್ತು ಮನೆ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು.

ಹೋದ ವರ್ಷ ಹನ್ನೆರಡು ವಯಸ್ಸಿನ ಮೊಮ್ಮಗಳು ಒಂದು ಸಿನಿಮಾ ನೋಡಿ ಬಂದಳು. ಅದರಲ್ಲಿ ಒಂದು ಲೋಕದ ಆಕಾಶದಲ್ಲಿ ಎರಡು ಸೂರ್ಯರು ಮುಳುಗುತ್ತಾರಂತೆ. ಎರಡು ಸೂರ್ಯರಿರುವ ಕಡೆ ಗ್ರಹ ಇರುವುದು ನಿಜವೇ ಅಜ್ಜಿ ಎಂದು ಕೇಳಿದಳು. ನನಗೆ ಗೊತ್ತಿದ್ದ ಜೋಡಿ ನಕ್ಷತ್ರ ಒಂದೇ, ಮದುವೆಯ ದಿನ ಪುರೋಹಿತರು ತೋರಿಸಿದ ವಸಿಷ್ಠ-ಅರುಂಧತಿ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ವಿಲಿಯಂ ಸ್ಟೀಫನ್ ಜೇಕಬ್. ಖಗೋಳ ಶಾಸ್ತ್ರದ ಚರಿತ್ರೆ ಬಲ್ಲವರಿಗೆ ಇದು ಪರಿಚಿತ ಹೆಸರು. ನನಗೆ ಆಶ್ಚರ್ಯವಾದದ್ದು, ಅವರು ನಕ್ಷತ್ರಗಳನ್ನು ಅಳೆಯಲು ಆರಂಭಿಸಿದ್ದೂ ಕಡೆಯ ಉಸಿರೆಳೆದದ್ದೂ ನಮ್ಮ ಈ ಪುಣೆಯಲ್ಲೇ ಎಂಬುದು.

ಜೇಕಬ್ ಹುಟ್ಟಿದ್ದು 1813ರ ನವೆಂಬರ್ 19ರಂದು, ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ವೂಲಾವಿಂಗ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಹುಡುಗ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಕಾಲೇಜಿನಲ್ಲಿ ಕಲಿತು, 1831ರಲ್ಲಿ ಎಂಜಿನಿಯರ್ ಆಗಿ ಮುಂಬಯಿಗೆ ಬಂದರು. ಆಗ ಅವರಿಗೆ ಹದಿನೆಂಟೂ ತುಂಬಿರಲಿಲ್ಲ. ಕೆಲವು ವರ್ಷ ಸರ್ವೆ ಕೆಲಸ ಮಾಡಿದರು. ನೆಲ ಅಳೆಯುವವರಿಗೂ ನಕ್ಷತ್ರ ಬೇಕು, ಏಕೆಂದರೆ ಒಂದು ಊರಿನ ಅಕ್ಷಾಂಶ ರೇಖಾಂಶ ತಿಳಿಯುತ್ತಿದ್ದುದು ಆಕಾಶದಿಂದ.

1842ರಲ್ಲಿ ಅವರು ಪುಣೆಯಲ್ಲಿ ಸ್ವಂತದ್ದೊಂದು ವೀಕ್ಷಣಾಲಯ ಮಾಡಿಕೊಂಡರು. ಪೇಶ್ವೆಯರ ಆಳ್ವಿಕೆ ಮುಗಿದು ಆಗ ಇಪ್ಪತ್ತನಾಲ್ಕು ವರ್ಷವಾಗಿತ್ತಷ್ಟೆ. ವಿದ್ಯುತ್ ದೀಪವಿಲ್ಲದ ಆ ಊರಿನ ಇರುಳು ಎಷ್ಟು ಕಪ್ಪಗಿದ್ದಿರಬೇಕು! ಐದು ಅಡಿ ಉದ್ದದ ದೂರದರ್ಶಕದಲ್ಲಿ ಅವರು ಮುಖ್ಯವಾಗಿ ನೋಡಿದ್ದು ಜೋಡಿ ನಕ್ಷತ್ರಗಳನ್ನು. ಬರಿಗಣ್ಣಿಗೆ ಒಂದಾಗಿ ಕಾಣುವುದು ದೂರದರ್ಶಕದಲ್ಲಿ ಎರಡಾಗುತ್ತದೆ. ಆ ಎರಡರ ನಡುವಿನ ಅಂತರವೆಷ್ಟು, ಒಂದು ಇನ್ನೊಂದರ ಯಾವ ದಿಕ್ಕಿಗಿದೆ ಎಂದು ಅಳೆದು ಬರೆದಿಡಬೇಕು. ಹೀಗೆ ಪುಣೆಯಿಂದ ನೋಡಿದ 244 ಜೋಡಿಗಳ ಪಟ್ಟಿಯನ್ನು 1848ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗೆ ಒಪ್ಪಿಸಿದರು. ವೃಶ್ಚಿಕ ರಾಶಿಯ ನ್ಯೂ ಎಂಬ ತಾರೆ ಎರಡಲ್ಲ, ಮೂರು ಎಂದು 1847ರಲ್ಲಿ ಕಂಡುಹಿಡಿದವರೂ ಅವರೇ.

ನಡುವೆ ರಜೆಯ ಮೇಲೆ ಊರಿಗೆ ಹೋಗಿ 1844ರಲ್ಲಿ ಎಲಿಜಬೆತ್ ಕೋಟ್ಸ್ ಎಂಬವರನ್ನು ಮದುವೆಯಾದರು. ಮರುವರ್ಷ ಹಿಂದಿರುಗಿ ಬಂದವರು ಕಂಪನಿಯ ಸೇವೆ ಬಿಟ್ಟು ವಿಜ್ಞಾನಕ್ಕೇ ನಿಂತರು. ಎಲಿಜಬೆತ್ ಬಗ್ಗೆ ಜೀವನಚರಿತ್ರೆಗಳಲ್ಲಿ ಇರುವುದು ಒಂದೇ ಸಾಲು. ಗೊತ್ತಿಲ್ಲದ ಊರು, ಮಕ್ಕಳು, ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಲೆಕ್ಕ ಮಾಡುವ ಗಂಡ. ಆ ಮನೆ ಹೇಗೆ ನಡೆದಿರಬಹುದೆಂದು ನಮಗೆ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ.

1848ರ ಡಿಸೆಂಬರಿನಲ್ಲಿ ಜೇಕಬ್ ಮದರಾಸು ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ 1,440 ನಕ್ಷತ್ರಗಳ ಪಟ್ಟಿ ಸಿದ್ಧಪಡಿಸಿದರು. ಗುರು ಮತ್ತು ಶನಿಯ ಚಂದ್ರರನ್ನು ಅಳೆದರು. ಶನಿಯ ಮಬ್ಬಾದ ಒಳ ಉಂಗುರದ ಮೂಲಕ ಹಿಂದಿನದು ಕಾಣುತ್ತದೆ ಎಂದು 1852ರಲ್ಲಿ ಗುರುತಿಸಿದರು. ಆದರೆ ಅವರ ಹೆಸರು ಇಂದಿಗೂ ಉಳಿದಿರುವುದು 1855ರ ಒಂದು ಲೇಖನದಿಂದ.

ಉರಗಧರ ಎಂಬ ನಕ್ಷತ್ರಪುಂಜದಲ್ಲಿ 70 ಎಂಬ ಸಂಖ್ಯೆಯ ಒಂದು ತಾರೆಯಿದೆ. ಅದು ಎರಡು ಕಿತ್ತಳೆ ಬಣ್ಣದ ಸೂರ್ಯರ ಜೋಡಿ, ಸುಮಾರು 88 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಜೇಕಬ್ ಲೆಕ್ಕ ಹಾಕಿ ನೋಡಿದರೆ ಅಳತೆಗಳು ದಾರಿಗೆ ಸರಿಯಾಗಿ ಕೂರಲಿಲ್ಲ, ಅಲ್ಲಲ್ಲಿ ಸ್ವಲ್ಪ ಓಲಾಟ. ಮಂಗಳಗೌರಿಯ ರಾತ್ರಿ ಇಬ್ಬರು ಹುಡುಗಿಯರು ಕೈ ಕೈ ಹಿಡಿದು ಫುಗಡಿ ಆಡುವುದನ್ನು ನೆನೆಸಿಕೊಳ್ಳಿ. ಇಬ್ಬರೇ ಇದ್ದರೆ ಸುತ್ತು ಗುಂಡಗೆ ಬರುತ್ತದೆ. ಒಬ್ಬಳ ಸೆರಗನ್ನು ಪುಟ್ಟ ಮಗುವೊಂದು ಹಿಡಿದು ಸುತ್ತುತ್ತಿದ್ದರೆ ಅವಳ ಹೆಜ್ಜೆ ಓಲಾಡುತ್ತದೆ. ಮಗು ಕಾಣದಿದ್ದರೂ ಓಲಾಟ ಕಾಣುತ್ತದೆ. ಆ ಜೋಡಿಯಲ್ಲಿ ಒಂದನ್ನು ಕಣ್ಣಿಗೆ ಕಾಣದ ಗ್ರಹದಂಥ ಕಾಯವೊಂದು ಸುತ್ತುತ್ತಿರುವ ಸಂಭವ ಬಹಳವಿದೆ ಎಂದು ಜೇಕಬ್ ತೀರ್ಮಾನಿಸಿದರು. ನಮ್ಮ ಸೂರ್ಯನದಲ್ಲದ ಗ್ರಹವೊಂದನ್ನು ಅಳತೆಯ ಆಧಾರದ ಮೇಲೆ ಹೀಗೆ ಸೂಚಿಸಿದ ಮೊದಲಿಗರಲ್ಲಿ ಅವರೊಬ್ಬರು.

ಈಗ ಬೇಸರದ ಮಾತು. ಆ ಗ್ರಹ ಅಲ್ಲಿರಲಿಲ್ಲ. 1890ರ ದಶಕದಲ್ಲಿ ಅಮೆರಿಕದ ಟಿ. ಜೆ. ಜೆ. ಸೀ ಅದೇ ನಕ್ಷತ್ರಕ್ಕೆ ಕಾಣದ ಜೊತೆಗಾರನಿದ್ದಾನೆ ಎಂದು ಮತ್ತೆ ಸಾರಿದರು. ಅಂಥ ಕಾಯ ಆ ದಾರಿಯಲ್ಲಿ ಬಹುಕಾಲ ನಿಲ್ಲಲಾರದು ಎಂದು 1899ರಲ್ಲಿ ಮೌಲ್ಟನ್ ಗಣಿತದಿಂದ ತೋರಿಸಿದರು. ಇಂದಿನ ಸೂಕ್ಷ್ಮ ಉಪಕರಣಗಳಿಗೂ ಅಲ್ಲಿ ದೊಡ್ಡ ಗ್ರಹ ಸಿಕ್ಕಿಲ್ಲ.

ಮದರಾಸಿನಲ್ಲಿ ಜೇಕಬ್ ಅವರ ಆರೋಗ್ಯ ಕೆಟ್ಟಿತು. ಎರಡು ಸಲ ಇಂಗ್ಲೆಂಡಿಗೆ ಹೋಗಿ ಸುಧಾರಿಸಿಕೊಳ್ಳಬೇಕಾಯಿತು, 1859ರಲ್ಲಿ ರಾಜೀನಾಮೆ ಕೊಟ್ಟರು. ಬೇರೆಯವರಾದರೆ ಅಲ್ಲೇ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು. ಇವರ ಮನಸ್ಸೆಲ್ಲ ಪುಣೆಯ ಕಡೆಗಿತ್ತು. ಎತ್ತರಕ್ಕೆ ಹೋದಷ್ಟೂ ಗಾಳಿ ತಿಳಿಯಾಗುತ್ತದೆ, ನಕ್ಷತ್ರದ ಚಿತ್ರ ನಡುಗುವುದು ಕಡಿಮೆಯಾಗುತ್ತದೆ. ಪಿಯಾಟ್ಸಿ ಸ್ಮಿತ್ 1856ರಲ್ಲಿ ಟೆನೆರಿಫ್ ದ್ವೀಪದ ಪರ್ವತವೇರಿ ಇದನ್ನು ಪರೀಕ್ಷಿಸಿದ್ದರು. ಪುಣೆಯ ಕಡೆಯ ಬೆಟ್ಟದ ಮೇಲೆ ವೀಕ್ಷಣಾಲಯ ಕಟ್ಟಿ ಮೂರು ವರ್ಷ ಕೆಲಸ ಮಾಡುವುದು ಜೇಕಬ್ ಅವರ ಯೋಜನೆ. 1862ರಲ್ಲಿ ಬ್ರಿಟಿಷ್ ಸಂಸತ್ತು 1,000 ಪೌಂಡ್ ಮಂಜೂರು ಮಾಡಿತು. ಒಂಬತ್ತು ಅಂಗುಲದ ದೂರದರ್ಶಕವನ್ನು ಅವರು ಸ್ವಂತ ಹಣದಿಂದಲೇ ಕೊಂಡರು.

1862ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಇಳಿದರು. ಪುಣೆ ತಲುಪಿದವರು ಆಗಸ್ಟ್ 16ರಂದು ತೀರಿಕೊಂಡರು. ಬಂದಿಳಿದು ಎಂಟೇ ದಿನ. ವಯಸ್ಸು ಐವತ್ತೂ ಆಗಿರಲಿಲ್ಲ. ಅದು ಶ್ರಾವಣ ಮಾಸ, ಈ ಊರಿನಲ್ಲಿ ಮಳೆ ಮೋಡದ ಕಾಲ. ಅಷ್ಟು ದೂರದಿಂದ ನಕ್ಷತ್ರಕ್ಕಾಗಿ ಬಂದವರಿಗೆ ಕಡೆಯ ಸಲ ಒಂದಾದರೂ ಕಂಡಿತೋ ಇಲ್ಲವೋ ಎಂದು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬೆಟ್ಟದ ಕನಸು ಬೇರೆಯವರ ಕೈಯಲ್ಲಿ, ಬೇರೆ ಬೆಟ್ಟದ ಮೇಲೆ ನನಸಾಯಿತು. ಮದರಾಸಿನ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲ್ ಬೆಟ್ಟಕ್ಕೆ ಹೋಯಿತು. ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಅದೇ ಬಳ್ಳಿಯ ಕುಡಿ. ಜೋಡಿ ನಕ್ಷತ್ರದ ಗ್ರಹವೂ ಸಿಕ್ಕಿತು, ಬೇರೆ ಕಡೆ. ಸೀಫಿಯಸ್ ಪುಂಜದ ಗಾಮಾ ಎಂಬ ಜೋಡಿಯಲ್ಲಿ ದೊಡ್ಡ ತಾರೆಯ ಓಲಾಟವನ್ನು ಕೆನಡಾದ ವಿಜ್ಞಾನಿಗಳು 1988ರಲ್ಲಿ ಗಮನಿಸಿದರು. ಆಮೇಲೆ ತಮಗೇ ಅನುಮಾನ ಬಂದು ಹಿಂದೆ ಸರಿದರು. 2003ರಲ್ಲಿ ಅದು ಖಚಿತವಾಯಿತು. ಗುರುಗ್ರಹಕ್ಕಿಂತ ಭಾರವಾದ ಆ ಗ್ರಹ ಸುಮಾರು ಎರಡೂವರೆ ವರ್ಷಕ್ಕೊಮ್ಮೆ ತನ್ನ ಸೂರ್ಯನನ್ನು ಸುತ್ತುತ್ತದೆ. 2011ರಲ್ಲಿ ಇಬ್ಬರು ಸೂರ್ಯರನ್ನೂ ಒಟ್ಟಿಗೆ ಸುತ್ತುವ, ಶನಿಯಷ್ಟು ದೊಡ್ಡ ಕೆಪ್ಲರ್-16ಬಿ ಸಿಕ್ಕಿತು. ಮೊಮ್ಮಗಳ ಸಿನಿಮಾದ ಸೂರ್ಯಾಸ್ತ ಸುಳ್ಳಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅವಳು ಕೇಳಿದ್ದು, ಹಾಗಾದರೆ ಜೇಕಬ್ ಅವರಿಗೆ ಅಜ್ಜಿ ಎಷ್ಟು ಅಂಕ ಕೊಡುತ್ತಾಳೆ ಎಂದು. ನಾನು ತಬ್ಬಿಬ್ಬಾದೆ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದವಳು ನಾನು. ರಾಶಿ ರಾಶಿ ಪುಸ್ತಕ ತಿದ್ದುವ ಅವಸರದಲ್ಲಿ ಕೊನೆಯ ಉತ್ತರವನ್ನಷ್ಟೇ ನೋಡಿ ಇಡೀ ಲೆಕ್ಕಕ್ಕೆ ಅಡ್ಡಗೆರೆ ಎಳೆದದ್ದೂ ಉಂಟು. ಹಂತಹಂತಕ್ಕೂ ಅಂಕ ಕೊಡಬೇಕೆಂಬ ನಿಯಮ ಗೊತ್ತಿದ್ದೂ ಕೊಡದೆ ಹೋದ ಹುಡುಗಿಯರ ಮುಖ ಈಗ ನೆನಪಾಗುತ್ತದೆ. ಜೇಕಬ್ ಅವರ ಉತ್ತರ ತಪ್ಪು. ವಿಧಾನ ಮಾತ್ರ ಸರಿ. ಕಾಣದ್ದನ್ನು ಓಲಾಟದಿಂದ ಹುಡುಕುವ ಅದೇ ದಾರಿಯಲ್ಲಿ ನಡೆದವರಿಗೆ ಒಂದೂವರೆ ಶತಮಾನದ ನಂತರ ಗ್ರಹ ಸಿಕ್ಕಿತು.

ಮಳೆ ಮುಗಿದ ಮೇಲೆ ಒಂದು ಸಂಜೆ ನಾವಿಬ್ಬರೂ ತಾರಸಿಗೆ ಹೋಗಿ ಪಶ್ಚಿಮಕ್ಕೆ ಉರಗಧರನನ್ನು ಹುಡುಕಿದೆವು. ಬೀದಿ ದೀಪಗಳ ಬೆಳಕಿನಲ್ಲಿ 70ನೆಯ ತಾರೆ ಕಾಣಲಿಲ್ಲ. ಅದು ನಮ್ಮಿಂದ ಹದಿನಾರೂವರೆ ಜ್ಯೋತಿರ್ವರ್ಷಕ್ಕೂ ತುಸು ದೂರದಲ್ಲಿದೆ. ಅವತ್ತು ನಮ್ಮ ತಾರಸಿಗೆ ಬಂದ ಅದರ ಬೆಳಕು ಹೊರಟಾಗ ಮೊಮ್ಮಗಳು ಹುಟ್ಟಿಯೇ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಊರಾಚೆಗೆ, ಕತ್ತಲಿರುವ ಕಡೆಗೆ ಹೋಗಿ ನೋಡೋಣವೆಂದು ಮಾತಾಡಿಕೊಂಡು ಕೆಳಗಿಳಿದೆವು.