ನೈಜೆಲ್ ಗ್ರೆಸ್ಲಿ

ಸರ್ ಹರ್ಬರ್ಟ್ ನೈಜೆಲ್ ಗ್ರೆಸ್ಲಿ (19 ಜೂನ್ 1876 – 5 ಏಪ್ರಿಲ್ 1941) ಬ್ರಿಟನ್ನಿನ ಪ್ರಸಿದ್ಧ ರೈಲ್ವೆ ಎಂಜಿನಿಯರ್. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಮತ್ತು ‘ಮಲ್ಲಾರ್ಡ್’ ಎಂಬ ಉಗಿ ಎಂಜಿನ್‌ಗಳ ವಿನ್ಯಾಸಕಾರರೆಂದು ಅವರು ಲೋಕಕ್ಕೆ ಪರಿಚಿತರು. ಆದರೆ ಅವರಿಗೆ ಮೊದಲು ದೊರೆತ ದೊಡ್ಡ ಹುದ್ದೆ ಎಂಜಿನ್‌ಗಳದ್ದಲ್ಲ, ಬೋಗಿಗಳದ್ದು. ಅವರ ತೇಗದ ಮರದ ಬೋಗಿಗಳು ಇಂಗ್ಲೆಂಡಿನ ಪೂರ್ವ ಭಾಗದ ರೈಲುಮಾರ್ಗಗಳಲ್ಲಿ ಸುಮಾರು ಅರ್ಧ ಶತಮಾನ ಓಡಿದವು. ಆ ಕಾಲದ ಛಾಯಾಚಿತ್ರಗಳನ್ನು ಅಭ್ಯಾಸ ಮಾಡುವವರು ಇಂದಿಗೂ ಅವನ್ನು ಸುಲಭವಾಗಿ ಗುರುತಿಸಬಲ್ಲರು.

ಜನನ ಮತ್ತು ವೃತ್ತಿಶಿಕ್ಷಣ

ಗ್ರೆಸ್ಲಿ ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾಯಿ ವೈದ್ಯಕೀಯ ಸಲಹೆಗಾಗಿ ಆ ನಗರಕ್ಕೆ ಬಂದಿದ್ದಾಗ ಜನನವಾಯಿತು. ಅವರ ಮನೆತನ ಇಂಗ್ಲೆಂಡಿನದು. ತಂದೆ ನೆದರ್‌ಸೀಲ್ ಎಂಬ ಹಳ್ಳಿಯ ಚರ್ಚಿನಲ್ಲಿ ಪಾದ್ರಿಗಳಾಗಿದ್ದರು. ಬಾಲಕ ಬೆಳೆದದ್ದೂ ಅಲ್ಲಿಯೇ. ಮಾರ್ಲ್‌ಬರೋ ಕಾಲೇಜಿನಲ್ಲಿ ಓದು ಮುಗಿಸಿ, 1893ರಲ್ಲಿ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಕ್ರೂ ಕಾರ್ಯಾಗಾರಕ್ಕೆ ತರಬೇತಿಗೆ ಸೇರಿದರು. ಬಳಿಕ ಲ್ಯಾಂಕಾಷೈರ್ ಅಂಡ್ ಯಾರ್ಕ್‌ಷೈರ್ ರೈಲ್ವೆಯ ಹಾರ್ವಿಚ್‌ಗೆ ಹೋಗಿ ಜಾನ್ ಆಸ್ಪಿನಾಲ್ ಅವರ ಕೈಕೆಳಗೆ ಪಳಗಿದರು. 1901ರಲ್ಲಿ ಎಥೆಲ್ ಫ್ರಾನ್ಸಿಸ್ ಫುಲ್ಲಾಗರ್ ಅವರೊಡನೆ ವಿವಾಹವಾಯಿತು. ಅದೇ ರೈಲ್ವೆಯ ನ್ಯೂಟನ್ ಹೀತ್ ಕಾರ್ಯಾಗಾರದಲ್ಲಿ ಬೋಗಿ ಮತ್ತು ವ್ಯಾಗನ್‌ಗಳ ತಯಾರಿಕೆಯ ಹೊಣೆ ಹೊತ್ತದ್ದು ಅವರ ಮುಂದಿನ ಜೀವನಕ್ಕೆ ದಿಕ್ಕು ತೋರಿತು.

ಡಾಂಕಾಸ್ಟರ್‌ನಲ್ಲಿ

1905ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಗ್ರೆಸ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ಬೋಗಿ ಮತ್ತು ವ್ಯಾಗನ್ ವಿಭಾಗದ ಮುಖ್ಯಸ್ಥರಾಗಿ ಡಾಂಕಾಸ್ಟರ್‌ಗೆ ಬಂದರು. ಆಗ ಆ ಮಾರ್ಗದ ಉತ್ತಮ ಬೋಗಿಗಳಿಗೆ, ನಡುಭಾಗವನ್ನು ಎತ್ತರಿಸಿ ಎರಡೂ ಬದಿಗೆ ಗಾಜಿನ ಕಿಂಡಿಗಳನ್ನಿಟ್ಟ ಮಾಡು ಇರುತ್ತಿತ್ತು. ನಮ್ಮ ಹಳೆಯ ಮನೆಗಳ ಬೆಳಕಿಂಡಿಯನ್ನು ನೆನಪಿಸುವ ಏರ್ಪಾಡು. ಗ್ರೆಸ್ಲಿ ಅದನ್ನು ಕೈಬಿಟ್ಟು, ಒಂದೇ ಬಾಗಿನಲ್ಲಿ ಎತ್ತರವಾಗಿ ಕಮಾನಿನಂತೆ ಹರಡಿಕೊಳ್ಳುವ ಮಾಡನ್ನು ತಂದರು. ಒಳಗೆ ಗಾಳಿಗೂ ತಲೆಗೂ ಹೆಚ್ಚು ಅವಕಾಶವಾಯಿತು. ಬೋಗಿಯ ಎರಡು ತುದಿಗಳ ಗೋಡೆಗಳನ್ನು ತುಸು ಹೊರಕ್ಕೆ ಬಾಗಿಸಿ, ಮಾಡಿನ ತುದಿಗಳನ್ನು ಗುಮ್ಮಟದಂತೆ ಇಳಿಸಿದರು. ಉಕ್ಕಿನ ಅಡಿಚೌಕಟ್ಟಿನ ಮೇಲೆ ತೇಗದ ದೇಹ, ಅದಕ್ಕೆ ಬಣ್ಣವಿಲ್ಲದೆ ಬರಿಯ ವಾರ್ನಿಷ್. ಇದು ಅವರ ಬೋಗಿಗಳ ಕಾಯಂ ರೂಪವಾಯಿತು.

ಬೋಗಿ ಬೋಗಿಗಳನ್ನು ಬಲವಾದ ಸ್ವಯಂಚಾಲಿತ ಕೊಂಡಿಗಳಿಂದ ಬಿಗಿಯುವ ಪದ್ಧತಿಯನ್ನೂ ಅವರು ಎತ್ತಿಹಿಡಿದರು. ಅಪಘಾತವಾದಾಗ ಒಂದು ಬೋಗಿ ಇನ್ನೊಂದರೊಳಗೆ ನುಗ್ಗುವ ಅಪಾಯವನ್ನು ಈ ಕೊಂಡಿ ಕಡಿಮೆ ಮಾಡುತ್ತಿತ್ತು. ಮರದ ಬೋಗಿಗಳ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್‌ಷಿಲ್‌ನಲ್ಲಿ ಇನ್ನೊಂದು ಸಂಸ್ಥೆಯ ರೈಲುಗಳು ಡಿಕ್ಕಿಯಾಗಿ, ಅನಿಲದೀಪಗಳಿದ್ದ ಹಳೆಯ ಮರದ ಬೋಗಿಗಳು ಹೊತ್ತಿ ಉರಿದು, ಇನ್ನೂರಕ್ಕಿಂತ ಹೆಚ್ಚು ಜನ, ಬಹುಪಾಲು ಸೈನಿಕರು, ಪ್ರಾಣ ಕಳೆದುಕೊಂಡಿದ್ದರು. ಇದಾದ ಎಷ್ಟೋ ವರ್ಷಗಳ ಮೇಲೂ, ಬೇರೆ ಸಂಸ್ಥೆಗಳು ಉಕ್ಕಿನ ದೇಹದ ಕಡೆಗೆ ತಿರುಗಿದಾಗಲೂ, ಗ್ರೆಸ್ಲಿ ತೇಗವನ್ನು ಬಿಡಲಿಲ್ಲ. ಅವರ ಬದುಕಿನಲ್ಲಿ ಚರ್ಚೆಗೆ ಎಡೆಯಿರುವ ನಿರ್ಧಾರಗಳಲ್ಲಿ ಇದೂ ಒಂದು. ಕಾರ್ಯಾಗಾರದ ಬಡಗಿಗಳ ಕೌಶಲ ಮತ್ತು ಮರದ ಬಾಳಿಕೆ ಅವರ ಪಕ್ಷದಲ್ಲಿದ್ದವು. ಬೆಂಕಿಯ ಭಯ ಎದುರು ಪಕ್ಷದಲ್ಲಿತ್ತು.

ಜೋಡಿಸಿದ ಬೋಗಿಗಳು

ಕನ್ನಡದಲ್ಲಿ ನಾವು ‘ಬೋಗಿ’ ಎಂದರೆ ಪ್ರಯಾಣಿಕರು ಕುಳಿತುಕೊಳ್ಳುವ ಇಡೀ ಡಬ್ಬಿ. ಎಂಜಿನಿಯರುಗಳ ಮಾತಿನಲ್ಲಿ ಅದೇ ಪದ ಡಬ್ಬಿಯ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟಿನ ಹೆಸರು. ಮುಂದಿನ ವಿಷಯದಲ್ಲಿ ಗೊಂದಲವಾಗದಿರಲೆಂದು ಇಲ್ಲಿ ಅದನ್ನು ‘ಚಕ್ರಚೌಕಟ್ಟು’ ಎಂದು ಕರೆಯಲಾಗಿದೆ.

ಸಾಮಾನ್ಯವಾಗಿ ಪ್ರತಿ ಬೋಗಿಗೂ ಎರಡು ಚಕ್ರಚೌಕಟ್ಟುಗಳು ಬೇಕು. ಕುಲುಕಾಟಕ್ಕೆ ಹೆಸರಾಗಿದ್ದ ಹಳೆಯ ಆರು ಚಕ್ರದ ಬೋಗಿಗಳನ್ನು ಎಸೆಯುವ ಬದಲು, 1907ರಲ್ಲಿ ಗ್ರೆಸ್ಲಿ ಅವನ್ನು ಎರಡೆರಡಾಗಿ ಜೋಡಿಸಿ, ನಡುವಿನ ತುದಿಗಳೆರಡೂ ಒಂದೇ ಚಕ್ರಚೌಕಟ್ಟಿನ ಮೇಲೆ ಕೂರುವಂತೆ ಮಾಡಿದರು. ಪ್ರಯಾಣ ಮೆತ್ತಗಾಯಿತು, ತೂಕವೂ ಖರ್ಚೂ ಇಳಿದವು. ಇದೇ ತತ್ವ ಬೆಳೆದು ಲಂಡನ್ನಿನ ಉಪನಗರ ರೈಲುಗಳಿಗೆ ನಾಲ್ಕು ಬೋಗಿಗಳ ಗುಂಪುಗಳಾದವು: ಎಂಟರ ಬದಲು ಐದೇ ಚಕ್ರಚೌಕಟ್ಟುಗಳು. ಐದು ಬೋಗಿಗಳ ಗುಂಪಿಗೆ ಆರು. ಆದರೆ ಒಂದು ಬೋಗಿ ಕೆಟ್ಟರೆ ಇಡೀ ಗುಂಪನ್ನೇ ದುರಸ್ತಿಗೆ ಕಳುಹಿಸಬೇಕಾಗುತ್ತಿತ್ತು. 1921ರಲ್ಲಿ ಲಂಡನ್–ಲೀಡ್ಸ್ ಮಾರ್ಗಕ್ಕೆ ತಯಾರಾದ ಐದು ಬೋಗಿಗಳ ಗುಂಪಿನಲ್ಲಿ ವಿದ್ಯುತ್ ಒಲೆಗಳ ಅಡುಗೆಮನೆಯೂ ಇತ್ತು.

ಮುಖ್ಯ ಎಂಜಿನಿಯರ್

1911ರಲ್ಲಿ ಹೆನ್ರಿ ಐವಟ್ ನಿವೃತ್ತರಾದಾಗ ಎಂಜಿನ್‌ಗಳ ಹೊಣೆಯೂ ಗ್ರೆಸ್ಲಿಯವರಿಗೆ ಬಂತು. 1923ರಲ್ಲಿ ಬ್ರಿಟನ್ನಿನ ರೈಲು ಸಂಸ್ಥೆಗಳನ್ನು ನಾಲ್ಕು ದೊಡ್ಡ ಸಂಸ್ಥೆಗಳಾಗಿ ಕೂಡಿಸಿದ ಮೇಲೆ, ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ್ ಆದರು. 1928ರ ಮೇ 1ರಿಂದ ಲಂಡನ್–ಎಡಿನ್‌ಬರೋ ನಡುವಿನ 392 ಮೈಲಿಗಳನ್ನು ರೈಲು ಎಲ್ಲೂ ನಿಲ್ಲದೆ ಕ್ರಮಿಸತೊಡಗಿತು. ಚಾಲಕರು ನಡುದಾರಿಯಲ್ಲಿ ಬದಲಾಗಲು ಕಲ್ಲಿದ್ದಲಿನ ಗಾಡಿಯೊಳಗೇ ಓಣಿಯೊಂದನ್ನು ಇಡಲಾಗಿತ್ತು. 1935ರ ‘ಸಿಲ್ವರ್ ಜುಬಿಲಿ’ ರೈಲಿನ ಏಳು ಬೋಗಿಗಳು ಹದಿನಾಲ್ಕರ ಬದಲು ಹತ್ತೇ ಚಕ್ರಚೌಕಟ್ಟುಗಳ ಮೇಲೆ ಓಡಿದವು. 1936ರಲ್ಲಿ ಅವರಿಗೆ ‘ಸರ್’ ಪದವಿ ದೊರೆಯಿತು. 1938ರ ಜುಲೈ 3ರಂದು ‘ಮಲ್ಲಾರ್ಡ್’ ಗಂಟೆಗೆ 126 ಮೈಲಿ ವೇಗ ಮುಟ್ಟಿ ಉಗಿ ಎಂಜಿನ್‌ಗಳ ವಿಶ್ವದಾಖಲೆ ಸ್ಥಾಪಿಸಿತು. ಆ ದಿನ ಅದರ ಹಿಂದಿದ್ದ ಆರು ಪ್ರಯಾಣಿಕರ ಬೋಗಿಗಳೂ ಗ್ರೆಸ್ಲಿಯವರ ಜೋಡಿ ಬೋಗಿಗಳೇ ಎಂಬುದನ್ನು ಎಂಜಿನ್ನಿನ ಹೊಗಳಿಕೆಯ ನಡುವೆ ಹಲವರು ಮರೆಯುತ್ತಾರೆ.

ಹಳೆಯ ಛಾಯಾಚಿತ್ರಗಳಲ್ಲಿ ಗುರುತಿಸುವುದು

ಛಾಯಾಚಿತ್ರಕಾರರ ಕಣ್ಣು ಎಂದೂ ಎಂಜಿನ್ನಿನ ಮೇಲೆ. ಬೋಗಿಗಳು ಚಿತ್ರದ ಹಿಂಬದಿಯಲ್ಲಿ, ಓರೆಯಾಗಿ, ಅರ್ಧ ಹೊಗೆಯಲ್ಲಿ ಮುಚ್ಚಿರುತ್ತವೆ. ಹೀಗಾಗಿ ಮೊದಲು ನೋಡಬೇಕಾದದ್ದು ಮಾಡಿನ ಗೆರೆ. ಬೆಳಕಿಂಡಿಯ ಮಾಡಾಗಿದ್ದರೆ ಅದು ಗ್ರೆಸ್ಲಿಯವರಿಗಿಂತ ಹಿಂದಿನ ವಿನ್ಯಾಸ ಅಥವಾ ಬೇರೆಯವರದು. ತುದಿಯಲ್ಲಿ ಗುಮ್ಮಟದಂತೆ ಇಳಿದಿದ್ದು, ಗೋಡೆ ಹೊರಬಾಗಿದ್ದರೆ ಗ್ರೆಸ್ಲಿಯವರದೆನ್ನಲು ಬಲವಾದ ಕಾರಣವಿದೆ. ಪಕ್ಕದ ಗೋಡೆಯ ಮೇಲಿನ ಮರದ ಪಟ್ಟಿಗಳು ದುಂಡು ಮೂಲೆಗಳಿಲ್ಲದೆ ಚೌಕವಾಗಿ ಕೂಡಿದ್ದರೆ ಅನುಮಾನ ಇನ್ನೂ ಕಡಿಮೆಯಾಗುತ್ತದೆ. ಎರಡು ಬೋಗಿಗಳು ಸೇರುವಲ್ಲಿ ಒಂದೇ ಚಕ್ರಚೌಕಟ್ಟು ಕಂಡರೆ ಅದು ಜೋಡಿಸಿದ ಗುಂಪು.

ಬಣ್ಣವನ್ನು ಮಾತ್ರ ನಂಬಬಾರದು. ಆ ಕಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಆದ್ದರಿಂದ ಕಂದು ತೇಗವೂ ಮಿಡ್‌ಲ್ಯಾಂಡ್ ರೈಲ್ವೆಯ ಕಡುಗೆಂಪು ಬೋಗಿಯೂ ಒಂದೇ ತೆರನಾಗಿ ಕಪ್ಪಾಗಿ ಕಾಣುತ್ತವೆ. ತೇಗವಾದರೆ ಹಲಗೆಯಿಂದ ಹಲಗೆಗೆ ಛಾಯೆ ಸ್ವಲ್ಪ ಬದಲಾಗುವುದುಂಟು. ಅದೂ ಪೂರ್ಣ ಸಾಕ್ಷಿಯಲ್ಲ: ಅದೇ ರೈಲ್ವೆ ಕೆಲವು ಉಕ್ಕಿನ ಬೋಗಿಗಳಿಗೆ ತೇಗದ ಎಳೆಗಳನ್ನೇ ಹೋಲುವ ಬಣ್ಣ ಬಳಿಸಿತ್ತು. ಸಂಖ್ಯೆ ಓದಲು ಸಿಕ್ಕಿದರೆ ಕೆಲಸ ಹಗುರ. 1920ರ ದಶಕದ ನಡುವಿನಿಂದ ಸುಮಾರು 1943ರವರೆಗೆ ಬೋಗಿಯ ಮೊದಲ ಅಂಕಿ ಅದು ಸೇರಿದ ವಿಭಾಗವನ್ನು ಸೂಚಿಸುತ್ತಿತ್ತು: 4 ಎಂದರೆ ಗ್ರೇಟ್ ನಾರ್ದರ್ನ್, 2 ಎಂದರೆ ನಾರ್ತ್ ಈಸ್ಟರ್ನ್, 6 ಎಂದರೆ ಗ್ರೇಟ್ ಈಸ್ಟರ್ನ್. 1948ರ ರಾಷ್ಟ್ರೀಕರಣದ ನಂತರ ವಾರ್ನಿಷ್‌ನ ಮೇಲೆ ಬಣ್ಣ ಬಿತ್ತು. ಆ ಮೇಲಿನ ಚಿತ್ರಗಳಲ್ಲಿ ಆಕಾರವೊಂದೇ ಆಧಾರ.

ಕೊನೆಯ ವರ್ಷಗಳು

ಪತ್ನಿ 1929ರಲ್ಲಿ ತೀರಿಕೊಂಡಿದ್ದರು. ಗ್ರೆಸ್ಲಿ ಕೆಲವು ಕಾಲ ಹಾರ್ಟ್‌ಫರ್ಡ್‌ಷೈರಿನ ಸಾಲಿಸ್‌ಬರಿ ಹಾಲ್ ಎಂಬ, ಸುತ್ತ ಕಂದಕವಿದ್ದ ಹಳೆಯ ಮನೆಯಲ್ಲಿ ವಾಸವಾಗಿದ್ದು, ಅಲ್ಲಿ ಕಾಡುಬಾತುಗಳನ್ನು ಸಾಕಿದ್ದರು. ‘ಮಲ್ಲಾರ್ಡ್’ ಎಂಬುದು ಒಂದು ಜಾತಿಯ ಬಾತುವಿನ ಹೆಸರು. ಹುದ್ದೆಯಲ್ಲಿರುವಾಗಲೇ, 1941ರ ಏಪ್ರಿಲ್ 5ರಂದು, ಹಾರ್ಟ್‌ಫರ್ಡ್ ಬಳಿಯ ತಮ್ಮ ಮನೆಯಲ್ಲಿ ನಿಧನರಾದರು. ಸಮಾಧಿ ನೆದರ್‌ಸೀಲ್‌ನಲ್ಲಿದೆ. 2016ರ ಏಪ್ರಿಲ್ 5ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. ಅದರ ಕಾಲ ಬಳಿ ಬಾತುವೊಂದನ್ನು ಇಡುವ ಯೋಜನೆಯನ್ನು ಕುಟುಂಬದವರ ಆಕ್ಷೇಪದಿಂದ ಕೈಬಿಡಲಾಯಿತು.

ಉಗಿ ರೈಲುಗಳ ಯುಗ ಮುಗಿದಾಗ ಅವರ ಬೋಗಿಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಉಳಿದ ಕೆಲವನ್ನು ಸ್ವಯಂಸೇವಕರು ಸೆವೆರ್ನ್ ವ್ಯಾಲಿ ಮತ್ತು ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆಗಳಲ್ಲಿ ಮತ್ತೆ ತೇಗದ ಹೊಳಪಿಗೆ ತಂದಿದ್ದಾರೆ. ನಾಲ್ಕು ಬೋಗಿಗಳ ಉಪನಗರ ಗುಂಪುಗಳ ಪೈಕಿ ಉಳಿದಿರುವುದು 74ನೆಯ ಸಂಖ್ಯೆಯದೊಂದೇ. ಅದನ್ನು ನಾರ್ತ್ ನಾರ್‌ಫಕ್ ರೈಲ್ವೆಯಲ್ಲಿ ಕಾಣಬಹುದು.